ಪರದೆ ಅಂಟಿತು, ಕಣ್ಣು ಕಂಡಿತೇ?

ಓದುಗರ ಪ್ರಶ್ನೆಗಳಿಗೆ ರೆಟಿನಾ ಶಸ್ತ್ರವೈದ್ಯೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಸಂಕಟದವು. ಕಣ್ಣಿನ ಪರದೆ ಕಳಚಿದೆ, ಅದೂ ಒಂದೇ ಆಪರೇಷನ್ನಿಗೆ ಸರಿಹೋಗುವಂತೆ ಕಳಚಿಲ್ಲ. ಕೆಲವರಿಗೆ ಒಮ್ಮೆ ಅಂಟಿದ್ದು ಮತ್ತೆ ಎದ್ದಿದೆ, ಕೆಲವರಿಗೆ ಸಕ್ಕರೆ ಕಾಯಿಲೆ ಪರದೆಯನ್ನು ಎಳೆದು ನಿಲ್ಲಿಸಿದೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇಡೀ ಅಂಕಣವನ್ನು ಇವಕ್ಕೇ ಕೊಡುತ್ತಿದ್ದೇನೆ.

ಶುರುವಿಗೆ ಒಂದು ಮಾತು. ಪೊರೆ ಬೇರೆ, ಪರದೆ ಬೇರೆ. ಕಣ್ಣಿನ ಮುಂಭಾಗದ ಮಸೂರ ಮಬ್ಬಾಗುವುದು ಪೊರೆ. ಅದನ್ನು ತೆಗೆದು ಬೇರೆ ಮಸೂರ ಕೂರಿಸಿದರೆ ಬಹಳ ಜನರಿಗೆ ಮರುದಿನವೇ ಕಾಣುತ್ತದೆ. ಪರದೆ ಎಂದರೆ ಕಣ್ಣಿನ ಹಿಂಗೋಡೆಗೆ ಒಳಗಿನಿಂದ ಹೊಂದಿಕೊಂಡಿರುವ ಅಕ್ಷಿಪಟಲ, ರೆಟಿನಾ. ಅದು ಅರ್ಧ ಮಿಲಿಮೀಟರ್ ದಪ್ಪವೂ ಇಲ್ಲದ ನರದ ಹಾಳೆ. ಹಳೆಯದನ್ನು ತೆಗೆದು ಹೊಸದು ಹಾಕಲು ಬರುವುದಿಲ್ಲ. "ಪೊರೆ ತೆಗೆಸಿಕೊಂಡ ಅಕ್ಕಪಕ್ಕದವರಿಗೆ ನಾಲ್ಕು ದಿನಕ್ಕೆ ಕಂಡಿತು, ನಮಗೇಕೆ ಇನ್ನೂ ಇಲ್ಲ" ಎಂದು ನೊಂದು ಬರೆದವರು ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಬೇಕು.

ಪ್ರಶ್ನೆ: ನನ್ನ ತಂದೆಗೆ 63 ವರ್ಷ. ಏಳು ವಾರದ ಹಿಂದೆ ಬಲಗಣ್ಣಿನ ರೆಟಿನಾ ಕಳಚಿ, ಗ್ಯಾಸ್ ತುಂಬಿ ಆಪರೇಷನ್ ಮಾಡಿದರು. ಮೂರನೆಯ ವಾರಕ್ಕೆ ಗ್ಯಾಸ್ ಕರಗಿ, ದಪ್ಪಕ್ಷರ ಓದುವಷ್ಟು ದೃಷ್ಟಿ ಬಂತು. ಹತ್ತು ದಿನದಿಂದ ಮೇಲಿನಿಂದ ನೆರಳು ಇಳಿಯುತ್ತಿದೆ ಎನ್ನುತ್ತಿದ್ದಾರೆ. ಈಗ ವೈದ್ಯರು, "ಪಿವಿಆರ್ ಆಗಿದೆ, ಕೆಳಭಾಗದಲ್ಲಿ ರೆಟಿನಾ ಮಡಿಕೆಬಿದ್ದಿದೆ, ಸಿಲಿಕೋನ್ ಎಣ್ಣೆ ಹಾಕಬೇಕು, ಬೆಲ್ಟ್ ಬೇಕಾಗಬಹುದು, ಬಗ್ಗದಿದ್ದರೆ ರೆಟಿನಾವನ್ನೇ ಸ್ವಲ್ಪ ಕತ್ತರಿಸಬೇಕಾಗಬಹುದು" ಎಂದಿದ್ದಾರೆ. ಕತ್ತರಿಸುವ ಮಾತು ಕೇಳಿದಾಗಿನಿಂದ ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ. ಅಮ್ಮ "ಅವತ್ತೊಂದು ರಾತ್ರಿ ಅಂಗಾತ ಮಲಗಿದಿರಲ್ಲ, ಅದಕ್ಕೇ ಹೀಗಾಯಿತು" ಎಂದು ದಿನಾ ಹೇಳುತ್ತಾಳೆ. ಮೊದಲ ಆಪರೇಷನ್ನಿನಲ್ಲಿ ತಪ್ಪಾಯಿತೇ? ಎರಡನೆಯದು ಮಾಡಿಸಲೇಬೇಕೇ? ಮಾಡಿಸಿದರೆ ಕಾಣುತ್ತದೆಯೇ?

ಉತ್ತರ: ತಂಗೀ, ಮೊದಲು ಅಮ್ಮನಿಗೆ ಈ ಸಾಲನ್ನು ಓದಿ ಹೇಳಿ: ಒಂದು ರಾತ್ರಿ ಅಂಗಾತ ಮಲಗಿದ್ದರಿಂದ ಪಿವಿಆರ್ ಬರುವುದಿಲ್ಲ. ಹಾಗೆ ಮಲಗಬೇಡಿ ಎನ್ನುವುದು ಗ್ಯಾಸ್ ಗುಳ್ಳೆ ಮುಂದಕ್ಕೆ ತೇಲಿ ಮಸೂರಕ್ಕೆ ತಾಗಿ ಪೊರೆ ಬರಿಸೀತು, ಕಣ್ಣಿನ ಒತ್ತಡ ಏರಿಸೀತು, ರಂಧ್ರಕ್ಕೆ ಆಸರೆ ತಪ್ಪೀತು ಎಂದು. ಕಾಯಿಲೆಯ ಕಣ್ಣು ಹೊತ್ತ ಮನುಷ್ಯನಿಗೆ ಮನೆಯವರ ಆರೋಪವನ್ನೂ ಹೊರಿಸಿದರೆ ಆತ ಎರಡನೆಯ ಆಪರೇಷನ್ನಿಗೆ ಒಪ್ಪುವುದೇ ಕಷ್ಟ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ನೀವು ಬರೆದಷ್ಟರಿಂದ ಮೊದಲ ವೈದ್ಯರ ತಪ್ಪೂ ನನಗೆ ಕಾಣುತ್ತಿಲ್ಲ. ಆಗಿರುವುದು ಇದು. ರೆಟಿನಾದ ಅಡಿಯಲ್ಲಿ ಕಂದು ಬಣ್ಣದ ಕೋಶಗಳ ಒಂದು ಪದರವಿದೆ. ರೆಟಿನಾದಲ್ಲಿ ಹರಿದ ರಂಧ್ರವಾದಾಗ ಆ ಕೋಶಗಳಲ್ಲಿ ಕೆಲವು ರಂಧ್ರದ ಮೂಲಕ ಕಣ್ಣಿನ ಒಳಕ್ಕೆ ಉದುರುತ್ತವೆ. ನಾವು ದೀಪ ಹಾಕಿ ನೋಡಿದಾಗ ಸಣ್ಣ ಕಂದು ಧೂಳಿನಂತೆ ತೇಲುತ್ತಿರುತ್ತವೆ. ಅವು ರೆಟಿನಾದ ಮೇಲೂ ಕೆಳಗೂ ಕುಳಿತು, ಹೆಚ್ಚುತ್ತಾ ಹೋಗಿ, ಚರ್ಮದ ಗಾಯ ಮಾಯುವಾಗ ಕಲೆ ಕಟ್ಟುವ ಹಾಗೆ ಒಂದು ಪದರ ಕಟ್ಟುತ್ತವೆ. ಕಲೆಯ ಗುಣವೇ ಕುಗ್ಗುವುದು. ಚರ್ಮದ ಮೇಲೆ ಕುಗ್ಗಿದರೆ ಗಾಯದ ಬಾಯಿ ಕೂಡಿಕೊಳ್ಳುತ್ತದೆ, ಒಳ್ಳೆಯದೇ. ರೆಟಿನಾದ ಮೇಲೆ ಕುಗ್ಗಿದರೆ ಆ ತೆಳು ಹಾಳೆ ನೆರಿಗೆನೆರಿಗೆಯಾಗಿ ಗೋಡೆ ಬಿಟ್ಟು ಏಳುತ್ತದೆ. ಇದೇ ಪಿವಿಆರ್, ಪ್ರೊಲಿಫರೇಟಿವ್ ವಿಟ್ರಿಯೋರೆಟಿನೋಪತಿ. ಉದುರಿದ ಕೋಶಗಳು ಭಾರಕ್ಕೆ ತಳದಲ್ಲಿ ಕೂರುವುದರಿಂದ ಹೆಚ್ಚಾಗಿ ಕೆಳಭಾಗದಲ್ಲೇ ಶುರುವಾಗುತ್ತದೆ. ಕಣ್ಣಿನಲ್ಲಿ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ಕೆಳಗೆ ಕಳಚಿದ್ದು ಮೇಲಿನ ನೆರಳಾಗಿ ಕಾಣುತ್ತದೆ. ನಿಮ್ಮ ತಂದೆ ಹೇಳಿದ್ದು ಅಕ್ಷರಶಃ ಅದನ್ನೇ. ಮೊದಲ ಆಪರೇಷನ್ ಆದ ನಾಲ್ಕರಿಂದ ಎಂಟು ವಾರದೊಳಗೆ ಬರುವುದು ಇದರ ರೂಢಿ; ಅದಕ್ಕೂ ನಿಮ್ಮ ಏಳು ವಾರದ ಲೆಕ್ಕ ಹೊಂದುತ್ತದೆ. ರೆಟಿನಾ ಆಪರೇಷನ್ ಮಾಡಿಸಿಕೊಂಡ ನೂರರಲ್ಲಿ ಐದರಿಂದ ಹತ್ತು ಮಂದಿಗೆ, ಯಾರ ಕೈಯಲ್ಲಿ ಮಾಡಿಸಿದರೂ, ಇದು ಬರುತ್ತದೆ. ರಂಧ್ರ ದೊಡ್ಡದಿದ್ದರೆ, ಒಳಗೆ ರಕ್ತ ಸೋರಿದ್ದರೆ, ಕಳಚಿ ಬಹಳ ದಿನವಾಗಿದ್ದರೆ ಇನ್ನೂ ಹೆಚ್ಚು. ಬರದಂತೆ ತಡೆಯುವ ಖಚಿತವಾದ ಔಷಧಿ ಇವತ್ತಿಗೂ ನಮ್ಮ ಕೈಯಲ್ಲಿಲ್ಲ. ನಮ್ಮ ವಿಭಾಗದ ದೊಡ್ಡ ಸೋಲು ಇದು.

ಈಗ ಕತ್ತರಿಸುವ ಮಾತು. ಅಪ್ಪನಿಗೆ ಭಯವಾಗಿರುವುದು ಸಹಜ, ಆದ್ದರಿಂದ ಆ ಕೋಣೆಯಲ್ಲಿ ನಾವು ಏನು ಮಾಡುತ್ತೇವೆ ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ. ನೀವು ಅವರ ಪಕ್ಕ ಕೂತು ಓದಿ ಹೇಳಿ.

ಕಣ್ಣಿನ ಬಿಳಿಭಾಗದಲ್ಲಿ, ಕರಿಗುಡ್ಡೆಯ ಅಂಚಿನಿಂದ ಮೂರೂವರೆ–ನಾಲ್ಕು ಮಿಲಿಮೀಟರ್ ಹಿಂದೆ, ಮೂರು ಸಣ್ಣ ತೂತು. ಒಂದೊಂದೂ ಅರ್ಧ ಮಿಲಿಮೀಟರಿನ ಆಸುಪಾಸು. ಒಂದರಿಂದ ನೀರು ಒಳಗೆ ಹೋಗುತ್ತಾ ಕಣ್ಣು ಕುಸಿಯದಂತೆ ನೋಡಿಕೊಳ್ಳುತ್ತದೆ. ಇನ್ನೊಂದರಿಂದ ದೀಪ, ಮತ್ತೊಂದರಿಂದ ಕತ್ತರಿ ಅಥವಾ ಚಿಮಟ. ಕಣ್ಣಿನೊಳಗೆ ತುಂಬಿರುವ ವಿಟ್ರಿಯಸ್ ಎಂಬ ಲೋಳೆಯಲ್ಲಿ ಮೊದಲ ಸಲ ಉಳಿದಿದ್ದನ್ನು ಅಂಚಿನವರೆಗೂ ತೆಗೆಯುತ್ತೇವೆ. ಆಮೇಲೆ ಬಣ್ಣ ಹಾಕುತ್ತೇವೆ, ಏಕೆಂದರೆ ಕಲೆಯ ಪದರ ಹೆಚ್ಚುಕಡಿಮೆ ಪಾರದರ್ಶಕ, ಬಣ್ಣವಿಲ್ಲದೆ ಅದರ ಅಂಚು ಸಿಗುವುದಿಲ್ಲ. ಅಂಚು ಸಿಕ್ಕ ಮೇಲೆ ಚಿಮಟದಲ್ಲಿ ಹಿಡಿದು, ನಡುವಿನಿಂದ ಅಂಚಿನ ಕಡೆಗೆ, ಬಹಳ ನಿಧಾನವಾಗಿ ಸುಲಿಯುತ್ತೇವೆ. ಇಡೀ ಆಪರೇಷನ್ನಿನ ಜೀವ ಇರುವುದು ಈ ಸುಲಿಯುವುದರಲ್ಲಿ. ನಾನು ಉಸಿರು ಬಿಗಿಹಿಡಿದು ಮಾಡುವ ಕೆಲಸ ಇದೊಂದೇ. ಪದರ ಬಿಟ್ಟುಕೊಟ್ಟಾಗ ಅದರಡಿಯ ರೆಟಿನಾ ಬಿಗಿ ಸಡಿಲಿ ಮೆಲ್ಲಗೆ ಅಲೆಯುತ್ತದೆ. ಅದು ಅಲೆಯಿತು ಎಂದರೆ ನಮಗೆ ಅರ್ಧ ದಾರಿ ಸವೆದಂತೆ.

ಆಮೇಲೆ ನೀರಿಗಿಂತ ಸುಮಾರು ಎರಡು ಪಟ್ಟು ತೂಕದ, ನೀರಿನಷ್ಟೇ ತಿಳಿಯಾದ ಒಂದು ದ್ರವವನ್ನು ರೆಟಿನಾದ ಮೇಲೆ ಬಿಡುತ್ತೇವೆ. ಪರ್‌ಫ್ಲೋರೋಕಾರ್ಬನ್ ಎಂದು ಅದರ ಹೆಸರು. 1980ರ ದಶಕದಲ್ಲಿ ಸ್ಟ್ಯಾನ್ಲಿ ಚಾಂಗ್ ಎಂಬ ಶಸ್ತ್ರವೈದ್ಯರು ಅದನ್ನು ಬಳಕೆಗೆ ತಂದರು. ಅದು ತನ್ನ ತೂಕದಿಂದಲೇ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ, ಮೂರನೆಯ ಕೈ ಇದ್ದ ಹಾಗೆ. ಹಾಗೆ ಒತ್ತಿದಾಗ ಎಲ್ಲಿ ಇನ್ನೂ ಬಿಗಿ ಉಳಿದಿದೆ ಎಂಬುದು ತೋರಿಬರುತ್ತದೆ. ಪದರವೆಲ್ಲ ತೆಗೆದ ಮೇಲೂ ಕೆಲವು ಕಣ್ಣುಗಳಲ್ಲಿ ರೆಟಿನಾವೇ ಕುಗ್ಗಿ ಗಿಡ್ಡವಾಗಿರುತ್ತದೆ, ಗೋಡೆಯಷ್ಟು ಅಗಲಕ್ಕೆ ಹರಡಲು ಅದಕ್ಕೆ ಅಳತೆ ಸಾಲುವುದಿಲ್ಲ. ಆಗ ಮಾತ್ರ ಕತ್ತರಿ. ಕತ್ತರಿಸುವುದು ಅಂಚಿನ ಭಾಗವನ್ನು, ನೋಟದ ನಡುವಿನದನ್ನಲ್ಲ. ಅಂಚನ್ನು ಬಿಟ್ಟುಕೊಟ್ಟು ನಡುವನ್ನು ಉಳಿಸಿಕೊಳ್ಳುವ ಲೆಕ್ಕ. ಆಮೇಲೆ ಮೇಲಿನ ಬದಿಯ ನೋಟ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಎದುರಿಗೆ ನಿಂತವರ ಮುಖ ಕಾಣುವುದು ನಡುವಿನಿಂದಲೇ. ಕತ್ತರಿಸಿದ ಅಂಚಿಗೂ ರಂಧ್ರಗಳಿಗೂ ಲೇಸರ್ ಹಾಕುತ್ತೇವೆ. ಲೇಸರಿನ ಗುರುತು ಗಟ್ಟಿಯಾಗಿ ಹಿಡಿದುಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು.

ಬೆಲ್ಟ್ ಎಂದರೆ ಕಣ್ಣುಗುಡ್ಡೆಯ ಸುತ್ತ, ಸ್ನಾಯುಗಳ ಅಡಿಯಲ್ಲಿ ಹಾಯಿಸುವ ಎರಡು–ಎರಡೂವರೆ ಮಿಲಿಮೀಟರ್ ಅಗಲದ ಸಿಲಿಕೋನ್ ಪಟ್ಟಿ. ಅದು ಗೋಡೆಯನ್ನು ಒಳಕ್ಕೆ ತುಸು ಅದುಮಿ ರೆಟಿನಾಕ್ಕೆ ಹತ್ತಿರ ತರುತ್ತದೆ. ಹೊರಗೆ ಕಾಣುವುದಿಲ್ಲ, ಸಾಮಾನ್ಯವಾಗಿ ತೆಗೆಯಬೇಕಾಗುವುದಿಲ್ಲ.

ಕೊನೆಗೆ, ಪರದೆಯನ್ನು ಗೋಡೆಗೆ ಒತ್ತಿ ಹಿಡಿದಿಡಲು ಎಣ್ಣೆ. ಮತ್ತೆ ಗ್ಯಾಸನ್ನೇ ಹಾಕಬಾರದೇ ಎಂದು ನೀವು ಕೇಳಬಹುದು. ಎಸ್‌ಎಫ್6 ಗ್ಯಾಸ್ ಎರಡು ವಾರದಲ್ಲಿ, ಸಿ3ಎಫ್8 ಸುಮಾರು ಎಂಟು ವಾರದಲ್ಲಿ ಕರಗುತ್ತದೆ. ಪಿವಿಆರ್ ಇರುವ ಕಣ್ಣಿಗೆ ಎಣ್ಣೆಯೋ ಗ್ಯಾಸೋ ಎಂದು ತಿಳಿಯಲು 1980ರ ದಶಕದಲ್ಲಿ ಅಮೆರಿಕದಲ್ಲಿ ಸಿಲಿಕೋನ್ ಸ್ಟಡಿ ಎಂಬ ದೊಡ್ಡ ಪರೀಕ್ಷೆ ನಡೆಯಿತು. ಎಸ್‌ಎಫ್6ಗಿಂತ ಎಣ್ಣೆ ಮೇಲು, ಸಿ3ಎಫ್8 ಮತ್ತು ಎಣ್ಣೆ ಹೆಚ್ಚುಕಡಿಮೆ ಸಮ ಎಂದು ಅದರಲ್ಲಿ ಕಂಡಿತು. ಆದ್ದರಿಂದ ಸಿ3ಎಫ್8 ಹಾಕುತ್ತೇನೆ ಎಂದು ಇನ್ನೊಬ್ಬ ವೈದ್ಯರು ಹೇಳಿದರೂ ಅವರು ತಪ್ಪಲ್ಲ. ಕುಗ್ಗುವ ಸ್ವಭಾವ ಜೋರಾಗಿರುವ ಕಣ್ಣಿಗೆ, ಕತ್ತರಿಸಿದ ಅಂಚು ದೊಡ್ಡದಿರುವಾಗ, ನಾನಾದರೂ ಎಣ್ಣೆಯನ್ನೇ ಆರಿಸುತ್ತೇನೆ. ಗ್ಯಾಸಿನಲ್ಲಿ ವಾರಗಟ್ಟಲೆ ಏನೂ ಕಾಣದು, ಎಣ್ಣೆಯ ಮೂಲಕ ಒಂದಿಷ್ಟು ಕಾಣುತ್ತದೆ. ಎಣ್ಣೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಒಳಗಿದ್ದು, ಆಮೇಲೆ ತೆಗೆಯುವುದಕ್ಕೆ ಇನ್ನೊಂದು ಆಪರೇಷನ್. ಇದನ್ನು ಈಗಲೇ ಅಪ್ಪನಿಗೆ ಹೇಳಿಬಿಡಿ. ಆಗ ಹೇಳಿದರೆ "ಇನ್ನೊಂದೇ?" ಎಂದು ಎದೆಗುಂದುತ್ತಾರೆ.

ನಿಮ್ಮ ಮೂರನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಎಲ್ಲಕ್ಕಿಂತ ಅದೇ ಮುಖ್ಯ.

ನಾನು ಸ್ವತಂತ್ರವಾಗಿ ಆಪರೇಷನ್ ಮಾಡತೊಡಗಿದ ಮೂರನೆಯ ವರ್ಷ ಕೈಗಡಿಯಾರ ರಿಪೇರಿ ಮಾಡುವ ಒಬ್ಬರು ನನ್ನ ಬಳಿ ಬಂದಿದ್ದರು. ಪಿವಿಆರ್ ಆಗಿ, ಮೂರು ಸಲ ಆಪರೇಷನ್ ಮಾಡಿದೆ. ಮೂರನೆಯ ಸಲ ಎಣ್ಣೆ ತೆಗೆದು ನೋಡಿದಾಗ ಪರದೆ ಪೂರ್ತಿ ಅಂಟಿತ್ತು. ಸಂತೋಷದಲ್ಲಿ ಅವರ ಕೈ ಹಿಡಿದು "ಆಪರೇಷನ್ ಯಶಸ್ವಿ" ಎಂದೆ. ಅವರೂ ನಕ್ಕರು. ಎರಡು ತಿಂಗಳಾದ ಮೇಲೆ ಬಿಚ್ಚಿದ ಒಂದು ಗಡಿಯಾರವನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದು, "ಡಾಕ್ಟ್ರೇ, ಅಂಟಿದೆ ಅಂದಿರಿ. ಈ ತಿರುಪು ಯಾವಾಗ ಕಾಣುತ್ತೆ?" ಎಂದು ಕೇಳಿದರು. ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಆ ತಿರುಪು ಅವರಿಗೆ ಕಾಣಲೇ ಇಲ್ಲ. ನಾನು ಯಶಸ್ವಿ ಎಂದದ್ದು ಪರದೆಯ ಬಗ್ಗೆ, ಅವರು ಕೇಳಿಸಿಕೊಂಡದ್ದು ನೋಟದ ಬಗ್ಗೆ. ಆ ಎರಡು ತಿಂಗಳು ಅವರು ಕಾಯುತ್ತಾ ಕೂತಿದ್ದರಲ್ಲ, ಅದಕ್ಕೆ ನಾನೇ ಕಾರಣ. ಅಂದಿನಿಂದ ಯಾರ ಮುಂದೆಯೂ ಆ ಪದವನ್ನು ಒಂಟಿಯಾಗಿ ಆಡಿಲ್ಲ. "ಅಂಟುವ ಸಾಧ್ಯತೆ ಇಷ್ಟು, ಕಾಣುವ ಸಾಧ್ಯತೆ ಇಷ್ಟು" ಎಂದು ಎರಡನ್ನೂ ಬೇರೆಬೇರೆಯಾಗಿ, ಆಪರೇಷನ್ನಿಗೆ ಮೊದಲೇ ಹೇಳುತ್ತೇನೆ.

ಹಾಗೆಯೇ ನಿಮಗೂ ಹೇಳುವುದಾದರೆ: ಪಿವಿಆರ್ ಇರುವ ಕಣ್ಣುಗಳಲ್ಲಿ, ಬೇಕಾದರೆ ಒಂದಕ್ಕಿಂತ ಹೆಚ್ಚು ಸಲ ಆಪರೇಷನ್ ಮಾಡಿ, ಹೆಚ್ಚಿನವನ್ನು ಅಂಟಿಸಬಹುದು. ಓದುವಷ್ಟು ನೋಟ ಮರಳುವವರು ಅವರಲ್ಲಿ ಕಡಿಮೆ. ಬಹಳ ಮಂದಿಗೆ ಸಿಗುವುದು ಕೋಣೆಯಲ್ಲಿ ಎಡವದೆ ನಡೆಯುವಷ್ಟು, ಬಾಗಿಲು ಕಿಟಕಿ ಗುರುತಿಸುವಷ್ಟು, ಕೈಬೆರಳು ಎಣಿಸುವಷ್ಟು ನೋಟ. ನಿಮ್ಮ ತಂದೆಯವರಿಗೆ ಒಂದು ಅನುಕೂಲ ಇರಬಹುದು. ಮೂರನೆಯ ವಾರಕ್ಕೆ ದಪ್ಪಕ್ಷರ ಓದಿದರು ಎಂದರೆ ಮ್ಯಾಕುಲಾ, ಅಂದರೆ ರೆಟಿನಾದ ನಟ್ಟನಡುವಿನ ಬಿಂದು, ಆಗ ಕೆಲಸ ಮಾಡುತ್ತಿತ್ತು. ಅದು ಈಗಲೂ ಅಂಟಿಕೊಂಡಿದೆಯೇ, ಎದ್ದಿದೆಯೇ ಎಂದು ವೈದ್ಯರನ್ನು ಇವತ್ತೇ ಕೇಳಿ. ಅಂಟಿಕೊಂಡಿದ್ದರೆ ಒಂದೊಂದು ದಿನಕ್ಕೂ ಬೆಲೆಯಿದೆ. ರೆಟಿನಾದ ಬೆಳಕು ಹಿಡಿಯುವ ಕೋಶಗಳಿಗೆ ಆಹಾರ ಬರುವುದು ಹಿಂಗೋಡೆಯಿಂದ. ಗೋಡೆ ಬಿಟ್ಟ ಕ್ಷಣದಿಂದ ಅವು ಹಸಿಯತೊಡಗುತ್ತವೆ. ಮತ್ತೆ ಅಂಟಿದ ಮೇಲೂ ಅವು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು, ಒಂದು ವರ್ಷದವರೆಗೂ ನೋಟ ಸ್ವಲ್ಪಸ್ವಲ್ಪ ಸುಧಾರಿಸುವುದುಂಟು.

ಮಾಡಿಸಲೇಬೇಕೇ? ನನ್ನ ತಂದೆಯಾಗಿದ್ದರೆ ಮಾಡಿಸುತ್ತಿದ್ದೆ. ಇನ್ನೊಂದು ಕಣ್ಣು ಚೆನ್ನಾಗಿರುವ, ಮೈ ಬಹಳ ಸೋತಿರುವ ವಯಸ್ಸಾದವರು "ಸಾಕು" ಎಂದರೆ ಅದನ್ನೂ ನಾನು ಗೌರವಿಸುತ್ತೇನೆ. ಆದರೆ "ಕತ್ತರಿಸುತ್ತಾರೆ" ಎಂಬ ಒಂದೇ ಪದಕ್ಕೆ ಹೆದರಿ ಬಿಡುವುದು ಬೇಡ.

ಪ್ರಶ್ನೆ: ನನಗೆ 47 ವರ್ಷ, ಸಕ್ಕರೆ ಕಾಯಿಲೆ ಬಂದು 18 ವರ್ಷ. ಎಡಗಣ್ಣು ಎರಡು ವರ್ಷದ ಹಿಂದೆಯೇ ಹೋಯಿತು. ಈಗ ಬಲಗಣ್ಣಿನಲ್ಲಿ ಪರದೆ "ಎಳೆತಕ್ಕೆ ಸಿಕ್ಕಿದೆ, ನಡುವಿಗೆ ಹತ್ತಿರ ಬಂದಿದೆ" ಎಂದು, ಕಣ್ಣಿಗೆ ಒಂದು ಇಂಜೆಕ್ಷನ್ ಕೊಟ್ಟು ಮೂರ್ನಾಲ್ಕು ದಿನದೊಳಗೆ ಆಪರೇಷನ್ ಮಾಡುತ್ತೇವೆ ಎಂದಿದ್ದಾರೆ. ಮಗಳ ಪರೀಕ್ಷೆ ಮುಗಿಯಲು ಎರಡು ತಿಂಗಳಿದೆ. ಈಗ ಇಂಜೆಕ್ಷನ್ ಹಾಕಿಸಿಕೊಂಡು ಆಪರೇಷನ್ನನ್ನು ಆಮೇಲೆ ಮಾಡಿಸಬಹುದೇ? ಇನ್ನೂ ಬಸ್ಸಿನ ಬೋರ್ಡು ಕಾಣುತ್ತಿದೆ.

ಉತ್ತರ: ಅಕ್ಕಾ, ಬೇಡ. ಅದರಲ್ಲೂ ಇಂಜೆಕ್ಷನ್ ಹಾಕಿಸಿಕೊಂಡು ಕಾಯುವುದಂತೂ ಬೇಡವೇ ಬೇಡ.

ನಿಮ್ಮದು ಹಿಂದಿನ ಪತ್ರದ ರೀತಿಯದಲ್ಲ. ಅಲ್ಲಿ ರಂಧ್ರದಿಂದ ನೀರು ಹೊಕ್ಕು ಪರದೆ ಎದ್ದಿತ್ತು. ನಿಮ್ಮಲ್ಲಿ ಬಹುಶಃ ರಂಧ್ರವಿಲ್ಲ. ವರ್ಷಗಟ್ಟಲೆ ಸಕ್ಕರೆ ಏರಿದ್ದರಿಂದ ರೆಟಿನಾದ ಸಣ್ಣ ರಕ್ತನಾಳಗಳು ಮುಚ್ಚಿಹೋಗಿ, ಉಸಿರು ಸಾಲದ ರೆಟಿನಾ ಹೊಸ ನಾಳಗಳನ್ನು ಕರೆಯುತ್ತದೆ. ಆ ನಾಳಗಳು ರೆಟಿನಾದ ಮೇಲೆ ಹಬ್ಬಿ, ಲೋಳೆಗೆ ಅಂಟಿ, ನಾರುನಾರಾದ ಪದರವಾಗಿ ಕುಗ್ಗುತ್ತವೆ. ಗುಡಾರದ ಬಟ್ಟೆಯನ್ನು ಗೂಟಗಳು ಎತ್ತಿ ಹಿಡಿದ ಹಾಗೆ ಪರದೆ ಮೇಲೆದ್ದು ನಿಲ್ಲುತ್ತದೆ. ನಾವು ಒಳಹೊಕ್ಕು ಮಾಡುವುದು ಆ ಗೂಟಗಳನ್ನು ಒಂದೊಂದಾಗಿ ಕತ್ತರಿಸಿ ಬಟ್ಟೆಯನ್ನು ಬಿಡಿಸುವ ಕೆಲಸ. ಒಂದೊಂದು ಗೂಟದಲ್ಲೂ ರಕ್ತ ಹರಿಯುತ್ತಿರುತ್ತದೆ. ಜೋರಾಗಿ ಎಳೆದರೆ ರೆಟಿನಾ ಹರಿದು, ಇದುವರೆಗೆ ಇಲ್ಲದ ರಂಧ್ರ ನಮ್ಮ ಕೈಯಿಂದಲೇ ಆಗುತ್ತದೆ. ಹಾಗಾಗಿ ಇಲ್ಲಿ ಸುಲಿಯುವುದಕ್ಕಿಂತ ಬಿಡಿಸುವುದು, ತುಂಡರಿಸುವುದು ಹೆಚ್ಚು. ಜೊತೆಗೆ ರೆಟಿನಾದ ಉಳಿದ ಭಾಗಕ್ಕೆಲ್ಲ ಲೇಸರ್.

ಇಂಜೆಕ್ಷನ್ ಏಕೆ ಎಂದರೆ, ಅದು ಹೊಸ ನಾಳಗಳನ್ನು ಒಣಗಿಸುತ್ತದೆ, ಆಪರೇಷನ್ ವೇಳೆ ರಕ್ತ ಕಡಿಮೆ. ಆದರೆ ನಾಳ ಒಣಗುವಾಗ ನಾರು ಇನ್ನಷ್ಟು ಬಿಗಿಯುತ್ತದೆ. ಕೆಲವು ದಿನ ಮೀರಿದರೆ ಅದೇ ಬಿಗಿ ಪರದೆಯನ್ನು ಮ್ಯಾಕುಲಾ ಸಮೇತ ಎಬ್ಬಿಸಬಹುದು. ಅದಕ್ಕೇ ಅವರು ದಿನ ಗೊತ್ತುಮಾಡಿ ಮೂರ್ನಾಲ್ಕು ದಿನ ಎಂದದ್ದು. ಆ ದಿನ ತಪ್ಪಿಸಬೇಡಿ. ಎಳೆತ ನಡುವಿನಿಂದ ದೂರವಿದ್ದು ಹಾಗೇ ನಿಂತಿದ್ದರೆ ತಿಂಗಳುಗಟ್ಟಲೆ ಬರಿದೇ ನೋಡುತ್ತಾ ಇರುವುದೂ ಉಂಟು. ನಿಮ್ಮದು ಹತ್ತಿರ ಬಂದಿದೆ, ಅದೂ ಉಳಿದ ಒಂದೇ ಕಣ್ಣು.

ಸಕ್ಕರೆ ಪೂರ್ತಿ ಹತೋಟಿಗೆ ಬರಲಿ ಎಂದೂ ಕಾಯಬೇಕಿಲ್ಲ. ಆದರೆ ಬಿಪಿ, ಮೂತ್ರಪಿಂಡ, ಹೃದಯ ಇವನ್ನು ಮೊದಲೇ ತೋರಿಸಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಆಪರೇಷನ್ ಆದ ಮೇಲೆ ಕೆಲವು ವಾರ ಒಳಗೆ ರಕ್ತ ಸೋರಿ ಕೆಂಪು-ಕಪ್ಪು ಮಬ್ಬು ಬರಬಹುದು, ಅನೇಕ ಸಲ ತಾನಾಗಿಯೇ ತಿಳಿಯಾಗುತ್ತದೆ. ಇಲ್ಲಿ ಗುರಿ ಹೊಸ ನೋಟ ತರುವುದಲ್ಲ, ಬಸ್ಸಿನ ಬೋರ್ಡು ಕಾಣುವ ಈ ನೋಟವನ್ನು ಉಳಿಸುವುದು. ಮಗಳಿಗೆ ವಿಷಯ ಮುಚ್ಚಿಡಬೇಡಿ. ನನಗೆ ಬಂದ ಪತ್ರಗಳಲ್ಲಿ "ಅಮ್ಮ ನನ್ನ ಪರೀಕ್ಷೆಗೆಂದು ತಡಮಾಡಿದಳು" ಎಂದು ಕೊರಗಿದ ಮಕ್ಕಳವೂ ಇವೆ.

ಪ್ರಶ್ನೆ: ನನಗೀಗ 76. 1950ರ ದಶಕದಲ್ಲಿ, ನಾನು ಚಿಕ್ಕವನಿದ್ದಾಗ, ನನ್ನ ತಂದೆಗೆ ಪರದೆ ಕಳಚಿತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡು ಬದಿಗೆ ಮರಳಿನ ಚೀಲವಿಟ್ಟು ವಾರಗಟ್ಟಲೆ ಮಲಗಿಸಿದ್ದರು. ಕಣ್ಣು ಬರಲಿಲ್ಲ. ಕಳೆದ ವರ್ಷ ನನ್ನ ಮಗನಿಗೆ ಅದೇ ಆಯಿತು, ಸಂಜೆಯ ಹೊತ್ತಿಗೆ ಮನೆಗೆ ಕಳಿಸಿದರು, ಈಗ ಓದುತ್ತಾನೆ. ತಂದೆಯ ವಿಷಯದಲ್ಲಿ ನಮ್ಮವರು ಏನಾದರೂ ಮಾಡಬಹುದಿತ್ತೇ ಎಂಬ ಪ್ರಶ್ನೆ ಬಿಡುತ್ತಿಲ್ಲ.

ಉತ್ತರ: ಹಿರಿಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮರಳಿನ ಚೀಲವನ್ನು ನಾನು ಪುಸ್ತಕದಲ್ಲಷ್ಟೇ ಓದಿದ್ದೆ.

ಅದು ಅಲಕ್ಷ್ಯದ ಗುರುತಲ್ಲ, ಆ ಕಾಲದ ಚಿಕಿತ್ಸೆ. ತಲೆ ಅಲುಗದಿದ್ದರೆ ಪರದೆ ತಾನಾಗಿ ಕೂತೀತು ಎಂಬ ನಂಬಿಕೆಯಿತ್ತು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿದ್ದ ಜೂಲ್ಸ್ ಗೊನಾಂ ಎಂಬ ವೈದ್ಯರು, ಪರದೆ ಕಳಚುವುದಕ್ಕೆ ಕಾರಣ ಅದರಲ್ಲಿನ ರಂಧ್ರ, ರಂಧ್ರವನ್ನು ಹುಡುಕಿ ಸುಟ್ಟು ಮುಚ್ಚಿದರೆ ಪರದೆ ಕೂರುತ್ತದೆ ಎಂದು ತೋರಿಸಿಕೊಟ್ಟರು. ಬಹಳ ಕಾಲ ಅವರ ಮಾತನ್ನು ಯಾರೂ ನಂಬಲಿಲ್ಲ. 1929ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಂತಾರಾಷ್ಟ್ರೀಯ ನೇತ್ರವೈದ್ಯರ ಸಮಾವೇಶದ ನಂತರವೇ ಲೋಕ ಒಪ್ಪಿದ್ದು. 1949ರಲ್ಲಿ ಜರ್ಮನಿಯ ಕುಸ್ಟೋಡಿಸ್ ಹೊರಗಿನಿಂದ ಗೋಡೆಯನ್ನು ಒಳಕ್ಕೆ ಅದುಮುವ ಬಕಲ್ ವಿಧಾನ ತಂದರು. 1950ರ ದಶಕದಲ್ಲಿ ಬಾಸ್ಟನ್ನಿನಲ್ಲಿ ಚಾರ್ಲ್ಸ್ ಶೆಪೆನ್ಸ್ ಕಣ್ಣಿನ ಸುತ್ತ ಪಟ್ಟಿ ಹಾಕತೊಡಗಿದರು. ತಲೆಗೆ ಕಟ್ಟಿಕೊಂಡು ಎರಡೂ ಕಣ್ಣಿನಿಂದ ರೆಟಿನಾದ ಅಂಚಿನವರೆಗೆ ನೋಡುವ ದೀಪವನ್ನು ರೂಪಿಸಿದವರೂ ಅವರೇ. ಇವತ್ತು ಬೆಳಿಗ್ಗೆಯೂ ನಾನು ಅಂಥದ್ದನ್ನೇ ತಲೆಗೆ ಕಟ್ಟಿಕೊಂಡಿದ್ದೆ.

ಅಂದರೆ ನಿಮ್ಮ ತಂದೆಯ ಕಾಲಕ್ಕೆ ರಂಧ್ರ ಮುಚ್ಚುವ ವಿದ್ಯೆ ಇತ್ತು, ಆದರೆ ಅದು ಜಗತ್ತಿನ ಕೆಲವೇ ಕೈಗಳಲ್ಲಿತ್ತು. ಕಲೆ ಕಟ್ಟಿ ಎಳೆದಿದ್ದರಂತೂ ಯಾರ ಕೈಯಲ್ಲೂ ಏನೂ ಇರಲಿಲ್ಲ, ಏಕೆಂದರೆ ಕಣ್ಣಿನ ಒಳಗಿನ ಲೋಳೆಯನ್ನು ಮುಟ್ಟಿದರೆ ಕಣ್ಣೇ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. 1962ರಲ್ಲಿ ಪಾಲ್ ಸಿಬಿಸ್ ಸಿಲಿಕೋನ್ ಎಣ್ಣೆ ಬಳಸಿದ್ದನ್ನು ವರದಿ ಮಾಡಿದರು. 1970ರಲ್ಲಿ ಮಯಾಮಿಯಲ್ಲಿ ರಾಬರ್ಟ್ ಮ್ಯಾಕೆಮರ್, ಕಣ್ಣಿನ ಬಿಳಿಭಾಗದ ಸಣ್ಣ ತೂತಿನಿಂದ ಲೋಳೆಯನ್ನು ಕತ್ತರಿಸಿ ಹೀರುವ ಉಪಕರಣದಿಂದ ಮೊದಲ ಆಪರೇಷನ್ ಮಾಡಿದರು. ಆ ಉಪಕರಣವನ್ನು ಮೊದಲು ಪರೀಕ್ಷಿಸಿದ್ದು ಮೊಟ್ಟೆಯ ಬಿಳಿ ಲೋಳೆಯಲ್ಲಿ. ಅದರ ಸಲಾಕೆ ಒಂದೂವರೆ ಮಿಲಿಮೀಟರ್ ದಪ್ಪವಿತ್ತು. ನಿಮ್ಮ ಮಗನ ಕಣ್ಣಿಗೆ ಹೋದದ್ದು ಬಹುಶಃ ಅರ್ಧ ಮಿಲಿಮೀಟರಿನದು, ನಿಮಿಷಕ್ಕೆ ಸಾವಿರಾರು ಸಲ ಕತ್ತರಿಸುವಂಥದು.

ನಿಮ್ಮವರು ಏನನ್ನೂ ಬಿಟ್ಟಿರಲಿಲ್ಲ. ಅವರ ಕಾಲದಲ್ಲಿ ಇದ್ದದ್ದನ್ನು ಮಾಡಿದರು.

ಪ್ರಶ್ನೆ: ಪಿವಿಆರ್ ಆಪರೇಷನ್ ಆಗಿ ಒಂಬತ್ತು ತಿಂಗಳು. ಎಣ್ಣೆ ಇನ್ನೂ ಒಳಗಿದೆ, ನಡೆದಾಡುವಷ್ಟು ಕಾಣುತ್ತದೆ, ನೋವಿಲ್ಲ. ಇನ್ನೊಂದು ಕಣ್ಣು ಬಾಲ್ಯದಿಂದ ಮಂದ. ಎಣ್ಣೆ ತೆಗೆಸಲು ಹೇಳುತ್ತಿದ್ದಾರೆ. ತೆಗೆದರೆ ಮತ್ತೆ ಕಳಚಿದರೆ? ಹೀಗೇ ಬಿಟ್ಟರೆ ಏನು?

ಉತ್ತರ: ನಿಮ್ಮ ಹೆದರಿಕೆಗೆ ಆಧಾರವಿದೆ. ಎಣ್ಣೆ ತೆಗೆದ ಮೇಲೆ ಹತ್ತರಲ್ಲಿ ಒಂದೆರಡು ಕಣ್ಣು ಮತ್ತೆ ಕಳಚುವುದುಂಟು. ಬಿಟ್ಟರೂ ಸುರಕ್ಷಿತವಲ್ಲ. ದಿನ ಕಳೆದಂತೆ ಎಣ್ಣೆ ಒಡೆದು ಸಣ್ಣಸಣ್ಣ ಹನಿಯಾಗುತ್ತದೆ. ಆ ಹನಿಗಳು ಮೇಲೆ ತೇಲಿ, ಕಣ್ಣಿನ ನೀರು ಹೊರಹೋಗುವ ಜಾಲರಿಯನ್ನು ಮುಚ್ಚಿ ಒತ್ತಡ ಏರಿಸುತ್ತವೆ. ಮುಂದಕ್ಕೆ ಬಂದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಬಿಳಿಚುತ್ತದೆ. ಒತ್ತಡದಿಂದ ನರ ಸಾಯುವುದು ಸದ್ದಿಲ್ಲದೆ ನಡೆಯುತ್ತದೆ, ನೋವಿಲ್ಲ ಎಂದು ನಂಬಿ ಕೂರಬೇಡಿ.

ವೈದ್ಯರಿಗೆ ನಾಲ್ಕು ಮಾತು ಕೇಳಿ. ಒತ್ತಡ ಎಷ್ಟಿದೆ? ಎಣ್ಣೆ ಒಡೆಯತೊಡಗಿದೆಯೇ? ಎಣ್ಣೆಯ ಕೆಳಗೆ ಎಲ್ಲಾದರೂ ಪರದೆ ಎದ್ದಿದೆಯೇ? ತೆಗೆಯುವ ಮೊದಲು ಸುತ್ತಲೂ ಲೇಸರ್ ಬೇಕೇ? ಪರದೆ ಎಲ್ಲೆಡೆ ಕೂತಿದ್ದು, ಹೊಸ ಕಲೆ ಕಾಣದಿದ್ದರೆ ನಾನು ತೆಗೆಸಿ ಎನ್ನುತ್ತೇನೆ. ಒತ್ತಡ ತೀರಾ ಕಡಿಮೆಯಿದ್ದು, ಎಣ್ಣೆಯೇ ಕಣ್ಣಿನ ಆಕಾರ ಹಿಡಿದಿದ್ದರೆ ಬಿಡಬೇಕಾಗುತ್ತದೆ. ಅಂಥ ಕಣ್ಣುಗಳಲ್ಲಿ ವರ್ಷಗಟ್ಟಲೆ ಎಣ್ಣೆ ಇಟ್ಟವರು ನನ್ನ ಬಳಿಯೂ ಇದ್ದಾರೆ. ಒಂದು ಸಣ್ಣ ವಿಷಯ: ಎಣ್ಣೆ ಇರುವಾಗ ಬೆಳಕು ಬಾಗುವ ರೀತಿಯೇ ಬದಲಾಗಿರುತ್ತದೆ, ತೆಗೆದ ಮೇಲೆ ಕನ್ನಡಕದ ನಂಬರು ಬಹಳ ವ್ಯತ್ಯಾಸವಾಗುತ್ತದೆ. ಈಗಲೇ ಹೊಸ ಕನ್ನಡಕ ಮಾಡಿಸಬೇಡಿ.

ಪ್ರಶ್ನೆ: ಕಣ್ಣಿಗೆ ಗ್ಯಾಸ್ ತುಂಬಿ ಮೂರು ವಾರ. ತುರ್ತಾಗಿ ವಿಮಾನದಲ್ಲಿ ಹೋಗಬೇಕಾಗಿದೆ. ಒಂದು ಗಂಟೆಯ ಪ್ರಯಾಣವಷ್ಟೇ.

ಉತ್ತರ: ಹೋಗಬೇಡಿ. ವಿಮಾನ ಏರಿದಾಗ ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ, ಕಣ್ಣಿನೊಳಗಿನ ಗ್ಯಾಸ್ ಹಿಗ್ಗುತ್ತದೆ. ಹಿಗ್ಗಿದ ಗ್ಯಾಸ್ ರೆಟಿನಾಕ್ಕೆ ಬರುವ ರಕ್ತವನ್ನೇ ತಡೆದು, ಹಾರಾಟದ ಮಧ್ಯದಲ್ಲೇ ಕಣ್ಣು ಹೋಗಬಹುದು. ಪ್ರಯಾಣ ಎಷ್ಟು ಹೊತ್ತಿನದು ಎಂಬುದು ಮುಖ್ಯವಲ್ಲ, ಎಷ್ಟು ಎತ್ತರ ಎಂಬುದು ಮುಖ್ಯ. ಎತ್ತರದ ಬೆಟ್ಟದ ರಸ್ತೆಗೂ ವೈದ್ಯರನ್ನು ಕೇಳಿಯೇ ಹೊರಡಿ. ಬೇರೆ ಯಾವುದೇ ಆಪರೇಷನ್ನಿಗೆ ಅರಿವಳಿಕೆ ಕೊಡುವವರಿಗೂ "ಕಣ್ಣಲ್ಲಿ ಗ್ಯಾಸ್ ಇದೆ" ಎಂದು ಮೊದಲೇ ಹೇಳಬೇಕು, ನೈಟ್ರಸ್ ಆಕ್ಸೈಡ್ ಕೊಟ್ಟರೆ ಇದೇ ಅಪಾಯ. ಕಣ್ಣಲ್ಲಿ ಗ್ಯಾಸ್ ಇದೆ ಎಂದು ಎಚ್ಚರಿಸಲು ಕೈಗೆ ಕಟ್ಟಿದ ಪಟ್ಟಿಯನ್ನು ವೈದ್ಯರು ಬಿಚ್ಚುವವರೆಗೆ ಬಿಚ್ಚಬೇಡಿ. ನೋಟದ ಮೇಲ್ಭಾಗದಲ್ಲಿ ತಿಳಿಯಾದ ಒಂದು ಗೆರೆ ಕಂಡು ಅದು ದಿನದಿನಕ್ಕೆ ಕೆಳಗಿಳಿಯುತ್ತದೆ. ಗುಳ್ಳೆ ಪೂರ್ತಿ ಮಾಯವಾಗಿದೆ ಎಂದು ಅವರೂ ನೋಡಿ ಹೇಳಲಿ. ಎಣ್ಣೆ ಹಾಕಿಸಿಕೊಂಡವರಿಗೆ ಈ ತೊಂದರೆಯಿಲ್ಲ, ಎಣ್ಣೆ ಹಿಗ್ಗುವುದಿಲ್ಲ.

ಪ್ರಶ್ನೆ: ನನ್ನ ಅಣ್ಣನಿಗೆ 29ನೇ ವಯಸ್ಸಿಗೆ ರೆಟಿನಾ ಕಳಚಿ, ತಡವಾಗಿ ಹೋದದ್ದರಿಂದ ಮೂರು ಆಪರೇಷನ್ ಆದವು. ನನಗೆ 24, ಮೈನಸ್ 9 ಕನ್ನಡಕ. ನನಗೂ ಬರುತ್ತದೆಯೇ?

ಉತ್ತರ: ಬಂದೇ ಬರುತ್ತದೆ ಎಂದಿಲ್ಲ, ಆದರೆ ಉಳಿದವರಿಗಿಂತ ನಿಮಗೆ ಸಾಧ್ಯತೆ ಹೆಚ್ಚು. ಹೆಚ್ಚು ಮೈನಸ್ ಇರುವ ಕಣ್ಣು ಉದ್ದವಾಗಿರುತ್ತದೆ, ರೆಟಿನಾ ಎಳೆದು ತೆಳುವಾಗಿರುತ್ತದೆ, ಅಂಚಿನಲ್ಲಿ ಸವೆದ ಜಾಗಗಳಿರಬಹುದು. ಪಾಪೆ ಹಿಗ್ಗಿಸಿ ಅಂಚಿನವರೆಗೆ ರೆಟಿನಾ ಪರೀಕ್ಷೆ ಈ ತಿಂಗಳೇ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಹರಿದ ರಂಧ್ರ ಕಂಡರೆ ಕಳಚುವ ಮೊದಲೇ ಸುತ್ತ ಲೇಸರ್ ಹಾಕಬಹುದು, ಕೆಲವು ನಿಮಿಷದ ಕೆಲಸ. ಅಣ್ಣನಿಗೆ ಮೂರು ಆಪರೇಷನ್ನಿನಲ್ಲಿ ಮಾಡಿದ್ದನ್ನು ನಿಮ್ಮಲ್ಲಿ ಕುರ್ಚಿಯಲ್ಲಿ ಕೂರಿಸಿಯೇ ತಡೆಯಬಹುದು.

ರೆಟಿನಾದಲ್ಲಿ ನೋವಿನ ನರಗಳಿಲ್ಲ, ಆದ್ದರಿಂದ ನೋವು ಎಚ್ಚರಿಸುತ್ತದೆ ಎಂದು ಕಾಯಬೇಡಿ. ಇದ್ದಕ್ಕಿದ್ದ ಹಾಗೆ ಕಪ್ಪು ಚುಕ್ಕೆಗಳ ಸುರಿಮಳೆ, ಕತ್ತಲಲ್ಲಿ ಕಣ್ಣಂಚಿನಲ್ಲಿ ಮಿಂಚು, ಯಾವುದೋ ಬದಿಯಿಂದ ಮುಸುಕು ಎಳೆದಂತೆ ನೆರಳು, ಇವು ಗುರುತುಗಳು. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ನಿಮ್ಮ ಅಣ್ಣ ತಡವಾಗಿ ಹೋದದ್ದಕ್ಕೆ ಅದೇ ಕಾರಣವಿದ್ದೀತು. ವಾರಕ್ಕೊಮ್ಮೆ ಒಂದು ಕಣ್ಣು ಮುಚ್ಚಿ ಎದುರಿನ ಬಾಗಿಲಿನ ಚೌಕಟ್ಟನ್ನು ನೋಡಿ, ಆಮೇಲೆ ಇನ್ನೊಂದು. ನಾಲ್ಕು ಅಂಚೂ ಕಾಣಬೇಕು, ನೆಟ್ಟಗಿರಬೇಕು. ಬದಲಾವಣೆ ಕಂಡ ದಿನ ಆಸ್ಪತ್ರೆಗೆ ಫೋನು ಮಾಡಿ "ಕಣ್ಣು ಮಂಜಾಗಿದೆ" ಎನ್ನಬೇಡಿ, ಮುಂದಿನ ವಾರಕ್ಕೆ ಸಮಯ ಕೊಡುತ್ತಾರೆ. "ಮೈನಸ್ ಒಂಬತ್ತು, ಅಣ್ಣನಿಗೆ ರೆಟಿನಾ ಕಳಚಿತ್ತು, ನನಗೆ ಈಗ ನೆರಳು ಕಾಣುತ್ತಿದೆ, ಇವತ್ತೇ ನೋಡಬೇಕು" ಎನ್ನಿ. ವಾಹನ ನೀವು ಓಡಿಸಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೊರಡಿ.